ಚೀಸ್, ಬೀಫ್ ಖೀಮಾ ತುಂಬಿದ ಬಿಸ್ಕೆಟ್ ಉಂಡೆ: ಬಾಯಿ ಬಿಡದ ಹಾಗೆ ಬೇಯಿಸೋದು ಹೇಗೆ?

ಹೊಸಓವನ್

ಎಲ್ಲರಿಗೂ ನಮಸ್ಕಾರ. ಬಿಸ್ಕೆಟ್ ಹಿಟ್ಟಿನೊಳಗೆ ಬೀಫ್ ಖೀಮಾ, ಚೀಸ್ ತುಂಬಿ ಓವನ್‌ನಲ್ಲಿ ಬೇಯಿಸುವ ಪುಟ್ಟ ಉಂಡೆಗಳನ್ನು ಮನೆಯಲ್ಲೇ ಮಾಡಬೇಕು ಅಂತಿದ್ದೀನಿ. ಗರಿಗರಿ ಬಿಸ್ಕೆಟ್ ಅಲ್ಲ. ಬೇಕಿಂಗ್ ಪೌಡರ್, ಬೆಣ್ಣೆ, ಮಜ್ಜಿಗೆ ಹಾಕಿ ಮಾಡ್ತಾರಲ್ಲ, ಅಮೆರಿಕದವರ ಮೆತ್ತನೆಯ ಬಿಸ್ಕೆಟ್, ಅದು. ಅಲ್ಲಿ ಡಬ್ಬಿಯಲ್ಲಿ ಬರುವ ರೆಡಿ ಹಿಟ್ಟನ್ನೇ ಬಳಸ್ತಾರಂತೆ. ನನಗೆ ಹಿಟ್ಟನ್ನೂ ನಾನೇ ಕಲಸಬೇಕು ಅನ್ನೋ ಆಸೆ.

ಓದಿದ ಒಂದೊಂದು ವಿಧಾನವೂ ಒಂದೊಂದು ಹೇಳುತ್ತೆ. ಖೀಮಾ ಹಸಿಯಾಗಿಯೇ ತುಂಬಬಹುದು ಅಂತ ಒಬ್ಬರು, ಬೇಯಿಸಿಯೇ ತುಂಬಬೇಕು ಅಂತ ಇನ್ನೊಬ್ಬರು. ಚೀಸ್ ತುರಿದು ಹಾಕಬೇಕೋ, ತುಂಡು ಮಾಡಿ ಇಡಬೇಕೋ? ಎಲ್ಲಕ್ಕಿಂತ ಮುಖ್ಯವಾಗಿ, ಬೇಯುವಾಗ ಉಂಡೆ ಬಾಯಿ ಬಿಟ್ಟು ಚೀಸೆಲ್ಲ ಟ್ರೇಗೆ ಹರಿಯದಂತೆ ತಡೆಯೋದು ಹೇಗೆ? ಹದಿನಾರು ಉಂಡೆ ಆಗುವಷ್ಟು ಅಳತೆ ಸಿಕ್ಕರೆ ಸಾಕು. ಕಾರಣ ಸಮೇತ ಹೇಳಿದರೆ ತುಂಬಾ ಉಪಕಾರ.

ಹಿಟ್ಟಿನಕೈ

ಹೊಸಓವನ್ ಅವರೇ, ಬಾಯಿ ಮುಚ್ಚುವ ಕೌಶಲದ ಬಗ್ಗೆ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಅದು ಕೊನೆಯ ಮಾತು. ಉಂಡೆ ಒಡೆಯೋದೋ ಬಿಡೋದೋ ಹೂರಣದಲ್ಲಿ ಎಷ್ಟು ನೀರಿದೆ, ಎಷ್ಟು ಜಿಡ್ಡಿದೆ, ತುಂಬುವಾಗ ಅದು ಎಷ್ಟು ತಣ್ಣಗಿದೆ ಅನ್ನೋದರಲ್ಲೇ ತೀರ್ಮಾನ ಆಗಿಬಿಡುತ್ತೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಬೇಡುತ್ತೆ. ಒಂದು ಚಮಚ ರಸ ಒಳಗೆ ಉಳಿದರೂ ಅದು ಎಲ್ಲಿಂದಾದರೂ ದಾರಿ ಮಾಡಿಕೊಂಡು ಹೊರಗೆ ಬಂದೇ ಬರುತ್ತೆ, ಹಿಂದೆಯೇ ಚೀಸ್ ಬರುತ್ತೆ. ಜಿಡ್ಡಿನ ಕಥೆ ಬೇರೆ. ಅದು ಹಿಟ್ಟಿನ ಅಂಚಿಗೆ ತಾಗಿತು ಅಂದರೆ ಆ ಜಾಗ ಎಷ್ಟು ಒತ್ತಿದರೂ ಅಂಟೋದಿಲ್ಲ.

ಹಾಗಾಗಿ ಮೊದಲು ಖೀಮಾ. 300 ಗ್ರಾಂ ತಗೊಳ್ಳಿ. ದಪ್ಪ ತಳದ ಬಾಣಲೆ, ಕಬ್ಬಿಣದ್ದಾದರೆ ಇನ್ನೂ ಒಳ್ಳೆಯದು, ಚೆನ್ನಾಗಿ ಕಾಯಲಿ. ಎಣ್ಣೆ ಬೇಡ, ಹಾಕಿದರೂ ತಳಕ್ಕೆ ಸವರಿದಷ್ಟು. ಖೀಮಾವನ್ನು ತೆಳ್ಳಗೆ ಹರಡಿ, ಎರಡು ಮೂರು ನಿಮಿಷ ಕೈಯಾಡಿಸಬೇಡಿ. ಇಲ್ಲೇ ಅವಸರ ಮಾಡೋದು. ಹಾಕಿದ ಕೂಡಲೇ ಕೆದಕಿದರೆ ನೀರು ಬಿಟ್ಟು ಅದೇ ನೀರಿನಲ್ಲಿ ಬೇಯುತ್ತೆ, ಬೂದು ಬಣ್ಣ ಬರುತ್ತೆ, ರುಚಿಯೂ ಅಷ್ಟಕ್ಕಷ್ಟೇ. ಮಾಂಸ ಕೆಂಪಗೆ ಹುರಿದು ಘಮ ಬರಬೇಕಾದರೆ ಮೇಲ್ಮೈ 140 ಡಿಗ್ರಿ ದಾಟಬೇಕು, ನೀರು ನಿಂತಿರುವ ತನಕ ಬಾಣಲೆ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತೆ. ತಳ ಕೆಂಪಗಾದ ಮೇಲೆ ಮಗುಚಿ, ಮರದ ಚಮಚದಿಂದ ಕುಟ್ಟಿ ಕುಟ್ಟಿ ಸಣ್ಣಗೆ ಮಾಡಿ. ದೊಡ್ಡ ಗಡ್ಡೆ ಉಳಿದರೆ ತುಂಬುವಾಗ ಹಿಟ್ಟನ್ನು ತೂತು ಮಾಡುತ್ತೆ.

ಆಮೇಲೆ ಜಾಲರಿಗೆ ಸುರಿದು ಜಿಡ್ಡು ಬಸಿಯಿರಿ. ಬಸಿದ ಜಿಡ್ಡಲ್ಲಿ ಒಂದು ಚಮಚ ಮಾತ್ರ ಬಾಣಲೆಗೆ ವಾಪಸ್ ಹಾಕಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಹುರಿಯಿರಿ. ಈರುಳ್ಳಿಯ ನೀರು ಪೂರ್ತಿ ಹೋಗಬೇಕು. ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಅರ್ಧ ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್ ಹಾಕಿ, ಖೀಮಾ ಸೇರಿಸಿ. ಚೀಸ್‌ನಲ್ಲಿ ಉಪ್ಪು ಇದ್ದೇ ಇರುತ್ತೆ, ಇಲ್ಲಿ ಕೈ ಹಿಡಿದು ಹಾಕಿ. ಹದ ನೋಡೋದು ಹೀಗೆ: ಬಾಣಲೆಯ ಮಧ್ಯೆ ಚಮಚದಿಂದ ಒಂದು ಗೆರೆ ಎಳೆಯಿರಿ. ಗೆರೆಯೊಳಗೆ ಎರಡೂ ಕಡೆಯಿಂದ ರಸ ಜಿನುಗಿ ಬಂದರೆ ಇನ್ನೂ ಆಗಿಲ್ಲ. ತಳ ಒಣಗಿ ಗೆರೆ ಗೆರೆಯಾಗಿಯೇ ನಿಂತರೆ ಉರಿ ಆರಿಸಿ.

ಬಸಿದ ಜಿಡ್ಡನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಗಟ್ಟಿಯಾಗಿ ಕೂತುಬಿಡುತ್ತೆ. ಒಂದು ಡಬ್ಬಿಗೆ ಹಾಕಿಟ್ಟು, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.

ಕಾದಬಾಣಲೆ

ಹಿಟ್ಟಿನಕೈ ಅವರು ಹೇಳಿದ ಗೆರೆ ಪರೀಕ್ಷೆಗೆ ನನ್ನದೂ ಒಪ್ಪಿಗೆ. ಆದರೆ ಜಿಡ್ಡು ಬಸಿಯೋ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ದಾರಿ. ಪೂರ್ತಿ ಬಸಿದ ಖೀಮಾ ಬಾಯಲ್ಲಿ ಮರಳು ಮರಳಾಗಿ ಸಿಗುತ್ತೆ. ಬೀಫ್‌ನ ರುಚಿ ಇರೋದೇ ಅದರ ಕೊಬ್ಬಿನಲ್ಲಿ. ನಾನು ಶೇಕಡಾ 15ರಿಂದ 20 ಕೊಬ್ಬಿರುವ ಖೀಮಾ ತಗೊಂಡು, ಬಸಿದ ಜಿಡ್ಡಲ್ಲಿ ಒಂದೂವರೆ ಚಮಚ ವಾಪಸ್ ಹಾಕ್ತೀನಿ. ಅದು ಹರಿಯದ ಹಾಗೆ ಕಟ್ಟಿಹಾಕೋದಕ್ಕೆ ಒಂದು ಟೀ ಚಮಚ ಕಾರ್ನ್‌ಫ್ಲೋರನ್ನು ಎರಡು ದೊಡ್ಡ ಚಮಚ ತಣ್ಣೀರಿನಲ್ಲಿ ಕದಡಿ, ಕೊನೆಯಲ್ಲಿ ಖೀಮಾದ ಮೇಲೆ ಸುರಿದು ಒಂದು ನಿಮಿಷ ಕೈಯಾಡಿಸ್ತೀನಿ. ರಸ, ಜಿಡ್ಡು ಎರಡೂ ಖೀಮಾಕ್ಕೆ ಅಂಟಿಕೊಂಡು ಒಂದು ಹೊಳಪು ಬರುತ್ತೆ. ತಣ್ಣಗಾದ ಮೇಲೆ ಬೆರಳಲ್ಲಿ ಒತ್ತಿದರೆ ಉಂಡೆ ಕಟ್ಟೋಕೆ ಬರುತ್ತೆ, ತುಂಬುವಾಗ ಆ ಕಡೆ ಈ ಕಡೆ ಚೆಲ್ಲೋದಿಲ್ಲ.

ಇನ್ನೊಂದು ಗುರುತು. ಹೂರಣ ಫ್ರಿಜ್‌ನಲ್ಲಿ ತಣ್ಣಗಾದ ಮೇಲೆ ಬಟ್ಟಲು ತೆಗೆದು ನೋಡಿ. ಖೀಮಾದ ಮೇಲೆ ಅಲ್ಲಲ್ಲಿ ಮಂಜು ಕೂತ ಹಾಗೆ ತೆಳ್ಳಗೆ ಬಿಳುಪು ಕಂಡರೆ ಪರವಾಗಿಲ್ಲ. ಬಟ್ಟಲಿನ ತಳದಲ್ಲಿ ಬಿಳಿ ಜಿಡ್ಡು ಹಲ್ಲೆಯಾಗಿ ಗಟ್ಟಿಗಟ್ಟಿದ್ದರೆ ಅಷ್ಟನ್ನೂ ಕೆರೆದು ತೆಗೆಯಿರಿ. ಬೀಫ್ ಕೊಬ್ಬು ಬೇಗ ಹೆಪ್ಪುಗಟ್ಟೋದರಿಂದ ಈ ತಪಾಸಣೆ ಸುಲಭ.

ಸಂಜೆತಿಂಡಿ

ಕ್ಷಮಿಸಿ, ಮಧ್ಯೆ ಬಾಯಿ ಹಾಕ್ತಿದ್ದೀನಿ. ಹಸಿ ಖೀಮಾನೇ ಸಣ್ಣ ಉಂಡೆ ಮಾಡಿ, ಒಳಗೆ ಚೀಸ್ ಇಟ್ಟು, ಹಿಟ್ಟಿನಲ್ಲಿ ಸುತ್ತಿ ನೇರವಾಗಿ ಓವನ್‌ಗೆ ಇಡೋ ವೀಡಿಯೊ ನೋಡಿದ್ದೆ. ಹುರಿಯೋ ಕೆಲಸವೇ ಇರಲ್ಲ ಅಲ್ವಾ? ಯಾಕೆ ಆಗಲ್ಲ?

ಹಿಟ್ಟಿನಕೈ

ಸಂಜೆತಿಂಡಿ ಅವರೇ, ಒಳ್ಳೆ ಪ್ರಶ್ನೆ. ದಯವಿಟ್ಟು ಹಾಗೆ ಮಾಡಬೇಡಿ. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಮೈಯಲ್ಲಿರುತ್ತೆ, ಹೊರಗೆ ಚೆನ್ನಾಗಿ ಬೆಂದರೆ ಅದು ಸಾಯುತ್ತೆ. ಅದನ್ನೇ ಖೀಮಾ ಮಾಡಿದಾಗ ಹೊರಗಿದ್ದದ್ದೆಲ್ಲ ಒಳಗೆ ಬೆರೆತುಹೋಗುತ್ತೆ. ಇ. ಕೋಲೈ ಭಯ ಇರೋದು ಇಲ್ಲೇ. ಅಮೆರಿಕದ ಕೃಷಿ ಇಲಾಖೆ ಬೀಫ್ ಖೀಮಾಕ್ಕೆ ಹೇಳೋದು ಒಳಗಿನ ಶಾಖ 71 ಡಿಗ್ರಿ ಸೆಲ್ಸಿಯಸ್ ತಲುಪಬೇಕು ಅಂತ. ಹಿಟ್ಟಿನ ಗೋಡೆ, ಮಧ್ಯೆ ಫ್ರೀಜರಿಂದ ತೆಗೆದ ಚೀಸ್, ಒಟ್ಟು ಹದಿನೈದು ನಿಮಿಷದ ಬೇಯಿಸುವಿಕೆ. ಹೊರಗೆ ಹೊಂಬಣ್ಣ ಬಂದಾಗ ಒಳಗಿನ ಖೀಮಾ 71 ಮುಟ್ಟಿರುತ್ತೆ ಅಂತ ಯಾರೂ ಖಾತ್ರಿ ಕೊಡಲಾರರು. ಬಣ್ಣ ನೋಡಿ ಹೇಳೋದಕ್ಕೂ ಆಗಲ್ಲ, ಖೀಮಾ ಕೆಲವೊಮ್ಮೆ ಆ ಶಾಖಕ್ಕೆ ಮುಂಚೆಯೇ ಕಂದು ಬಣ್ಣಕ್ಕೆ ತಿರುಗುತ್ತೆ.

ಸುರಕ್ಷತೆ ಬದಿಗಿಟ್ಟರೂ ರುಚಿಗೂ ಅದು ನಷ್ಟ. ಹಸಿ ಖೀಮಾ ಬಿಡುವ ನೀರು, ಕೊಬ್ಬು ಎಲ್ಲ ಹಿಟ್ಟೇ ಹೀರಬೇಕು. ತಳ ಮುದ್ದೆಯಾಗುತ್ತೆ. ಕೆಂಪಗೆ ಹುರಿದ ಘಮವೂ ಇರಲ್ಲ. ಹುರಿಯೋ ಹದಿನೈದು ನಿಮಿಷ ಉಳಿಸಿ ಏನೂ ಗಿಟ್ಟಲ್ಲ. ಹಾಗೆಯೇ, ಹಸಿ ಹಿಟ್ಟನ್ನೂ ರುಚಿ ನೋಡಬೇಡಿ. ಮೈದಾ ಕೂಡ ಬೇಯಿಸದೆ ತಿನ್ನುವ ಪದಾರ್ಥ ಅಲ್ಲ.

ಹೊಸಓವನ್

ಈ ವಿವರಣೆ ಓದಿದ ಮೇಲೆ ಖೀಮಾ ವಿಷಯದಲ್ಲಿ ಅನುಮಾನ ಉಳಿದಿಲ್ಲ. ಹಿಟ್ಟಿನ ಅಳತೆ ಯಾರಾದರೂ ಹೇಳ್ತೀರಾ? ಮಜ್ಜಿಗೆ ಅಂದರೆ ಎಷ್ಟು ಗಟ್ಟಿ ಇರಬೇಕು ಅನ್ನೋದೂ ಗೊತ್ತಾಗಲಿಲ್ಲ.

ಮಜ್ಜಿಗೆಪ್ರಿಯೆ

ನಾನು ಹೇಳುತ್ತೇನೆ. ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ತಲೆತಟ್ಟಿದ ಒಂದು ದೊಡ್ಡ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಸಕ್ಕರೆ ಒಂದು ಟೀ ಚಮಚ. ಇವಿಷ್ಟನ್ನೂ ಜರಡಿ ಹಿಡಿಯಿರಿ. ಉಪ್ಪಿಲ್ಲದ ಬೆಣ್ಣೆ 70 ಗ್ರಾಂ, ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದು. ಮಜ್ಜಿಗೆ ಸುಮಾರು 170 ಮಿಲಿ. ಮಜ್ಜಿಗೆ ಅಂದರೆ ನೀರು ನೀರಾದದ್ದಲ್ಲ, ಚಮಚದಿಂದ ಸುರಿದಾಗ ದಪ್ಪ ಧಾರೆಯಾಗಿ ಬೀಳಬೇಕು. ಅಂಥದ್ದು ಇಲ್ಲವಾದರೆ 120 ಗ್ರಾಂ ಮೊಸರಿಗೆ 50 ಮಿಲಿ ಹಾಲು ಬೆರೆಸಿ ಕಡೆಯಿರಿ. ಅದೂ ಇಲ್ಲವೆಂದರೆ ಹಾಲಿಗೆ ಎರಡು ಟೀ ಚಮಚ ನಿಂಬೆರಸ ಹಿಂಡಿ ಐದು ನಿಮಿಷ ಬಿಡಿ. ಹುಳಿ ಇರಲೇಬೇಕು, ಇಲ್ಲದಿದ್ದರೆ ಸೋಡಾಕ್ಕೆ ಕೆಲಸವಿರುವುದಿಲ್ಲ, ಬಾಯಲ್ಲಿ ಸಾಬೂನಿನಂಥ ರುಚಿ ಉಳಿಯುತ್ತದೆ.

ಬೆಣ್ಣೆಯನ್ನು ಸಣ್ಣ ತುಂಡು ಮಾಡಿ, ಹಿಟ್ಟಿನಲ್ಲಿ ಬೆರಳ ತುದಿಯಿಂದ ಉಜ್ಜಿ. ಅಂಗೈ ತಾಗಿಸಬೇಡಿ, ಅಂಗೈ ಬಿಸಿ ಹೆಚ್ಚು, ಬೆಣ್ಣೆ 32 ಡಿಗ್ರಿ ದಾಟುತ್ತಿದ್ದಂತೆಯೇ ಕರಗತೊಡಗುತ್ತದೆ. ಬರೀ ಬಿಸ್ಕೆಟ್ ಮಾಡುವುದಾದರೆ ಬೆಣ್ಣೆಯ ತುಂಡು ಬಟಾಣಿ ಗಾತ್ರ ಇರಲಿ ಎನ್ನುತ್ತಾರೆ, ಪದರ ಬರಲಿ ಎಂದು. ತುಂಬುವ ಉಂಡೆಗೆ ಅಷ್ಟು ದೊಡ್ಡದು ಬೇಡವೇ ಬೇಡ. ತೆಳ್ಳಗೆ ಲಟ್ಟಿಸಿದ ಹಿಟ್ಟಿನಲ್ಲಿ ಬಟಾಣಿ ಗಾತ್ರದ ಬೆಣ್ಣೆ ಕರಗಿದರೆ ಅಲ್ಲೊಂದು ಕಿಟಕಿ ತೆರೆದಂತೆ. ದಪ್ಪ ರವೆಯಷ್ಟು ಸಣ್ಣಗಾಗುವ ತನಕ ಉಜ್ಜಿ.

ಮಜ್ಜಿಗೆಯನ್ನು ಮುಕ್ಕಾಲು ಭಾಗ ಒಮ್ಮೆಗೇ ಸುರಿದು ಫೋರ್ಕ್‌ನಿಂದ ಕಲಸಿ, ಉಳಿದದ್ದನ್ನು ಹಿಟ್ಟು ಕೇಳಿದಷ್ಟು ಮಾತ್ರ ಹಾಕಿ. ಹಿಟ್ಟು ಪಾತ್ರೆಯ ಗೋಡೆ ಬಿಟ್ಟುಕೊಳ್ಳಬೇಕು, ಕೈಗೆ ತುಸು ಅಂಟಬೇಕು. ಬಿಸ್ಕೆಟ್ ಹಿಟ್ಟು ನಾದಬಾರದು ಎಂಬ ಮಾತಿದೆಯಲ್ಲ, ಇಲ್ಲಿ ಅದನ್ನು ಸ್ವಲ್ಪ ಸಡಿಲಿಸಿಕೊಳ್ಳಿ. ಏಳೆಂಟು ಸಲ ಮಡಚಿ ಮೆಲ್ಲಗೆ ಒತ್ತಿ. ಎಳೆ ಸ್ವಲ್ಪವೂ ಬರದಿದ್ದರೆ ಹಿಟ್ಟು ಹಿಗ್ಗದೆ ಹರಿಯುತ್ತದೆ. ಆಮೇಲೆ ಮುಚ್ಚಿ ಫ್ರಿಜ್‌ನಲ್ಲಿ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಬೇಕಿಂಗ್ ಪೌಡರ್ ಶಕ್ತಿ ಕಳೆದುಕೊಳ್ಳುತ್ತದೆಂಬ ಹೆದರಿಕೆ ಬೇಡ. ಈಗ ಸಾಮಾನ್ಯವಾಗಿ ಸಿಗುವುದು ಎರಡು ಹಂತದಲ್ಲಿ ಉಬ್ಬಿಸುವ ಪೌಡರ್, ನೀರು ತಾಗಿದಾಗ ಸ್ವಲ್ಪ, ಓವನ್‌ನ ಶಾಖ ತಾಗಿದಾಗ ಉಳಿದದ್ದು.

ಡಬ್ಬಿ ತೆಗೆದು ಬಹಳ ದಿನವಾಗಿದ್ದರೆ ಅರ್ಧ ಚಮಚ ಪೌಡರಿಗೆ ಬಿಸಿನೀರು ಹಾಕಿ ನೋಡಿ. ಕೂಡಲೇ ನೊರೆಯೆದ್ದು ಗುಳುಗುಳು ಎನ್ನಬೇಕು. ಸುಮ್ಮನೆ ಕರಗಿದರೆ ಹೊಸದು ತನ್ನಿ.

ಯೀಸ್ಟ್‌ಗೆ_ಜೈ

ಎಲ್ಲಾರೂ ಭಾಳ ಚಲೋ ಬರದೀರಿ. ಆದ್ರ ನಂದೊಂದು ಮಾತು ಕೇಳ್ರಿ. ತುಂಬಿ ಮುಚ್ಚೋ ಪದಾರ್ಥಕ್ಕ ಯೀಸ್ಟ್ ಹಿಟ್ಟಿನಂಥಾದ್ದು ಇನ್ನೊಂದಿಲ್ರಿ. ಚಂದಂಗ ನಾದಿದ ಯೀಸ್ಟ್ ಹಿಟ್ಟು ಎಷ್ಟು ಎಳದ್ರೂ ಹರಿಯಂಗಿಲ್ಲ, ಬಾಯಿ ಒತ್ತಿದ್ರ ಒಂದಕ್ಕೊಂದು ಕೂಡ್ತೈತಿ. ಬಿಸ್ಕೆಟ್ ಹಿಟ್ಟಿನಾಗ ಬೆಣ್ಣಿ ಜಾಸ್ತಿ, ಎಳಿ ಕಮ್ಮಿ, ಅದಕ್ಕ ಬಿರೀತೈತಿ. ಚೀಸ್ ಹೊರಗ ಬರಬಾರದು ಅನ್ನೋದಾದ್ರ ಹಿಟ್ಟನ್ನ ಬದಲಿ ಮಾಡ್ರಿ.

ಮಜ್ಜಿಗೆಪ್ರಿಯೆ

ನೀವು ಹೇಳುವುದರಲ್ಲಿ ಸತ್ಯವಿದೆ, ಯೀಸ್ಟ್ ಹಿಟ್ಟು ಮುಚ್ಚುವುದಕ್ಕೆ ಸುಲಭ. ಆದರೆ ಆಗ ಸಿಗುವುದು ತುಂಬಿದ ಬನ್. ಬಿಸ್ಕೆಟ್‌ಗೆ ಹಲ್ಲು ತಾಗಿದ ಕೂಡಲೇ ಪುಡಿಯಾಗುವ, ಬೆಣ್ಣೆಯ ವಾಸನೆ ಮೂಗಿಗೆ ಬರುವ ಗುಣವಿದೆಯಲ್ಲ, ಬನ್ ಹಿಟ್ಟಿನಲ್ಲಿ ಅದು ಬರುವುದಿಲ್ಲ. ಹೊಸಓವನ್ ಅವರು ಕೇಳಿರುವುದು ಅದನ್ನೇ. ಬೆಣ್ಣೆ 85 ಗ್ರಾಂ ಹಾಕುವ ಕಡೆ 70ಕ್ಕೆ ಇಳಿಸಿ, ಸ್ವಲ್ಪ ನಾದಿ ಎಂದು ನಾನು ಹೇಳಿದ್ದು ಈ ಎರಡರ ನಡುವಿನ ಹದಕ್ಕಾಗಿಯೇ.

ಯೀಸ್ಟ್‌ಗೆ_ಜೈ

ಪುಡಿಯಾಗೋ ಗುಣ ಬೇಕಂದ್ರ ನಿಮ್ಮ ಮಾತೇ ಖರೇ. ಆದ್ರ ಮೊದಲನೇ ಸಲ ಮಾಡೋರಿಗೆ ಒಂದು ಉಪಾಯ ಹೇಳ್ತೀನ್ರಿ. ಉಂಡಿಗಳ್ನ ಮಫಿನ್ ಟ್ರೇದಾಗ ಒಂದೊಂದು ಕುಳಿಗೆ ಒಂದೊಂದು ಇಡ್ರಿ. ಬಾಯಿ ಬಿಟ್ರೂ ಚೀಸ್ ಅಲ್ಲೇ ಕುಳಿಯಾಗ ನಿಂತು ಉಂಡಿಗೇ ಅಂಟಿಕೊಂಡು ಗರಿಗರಿ ಆಗ್ತೈತಿ. ಹಾಳಾಗಂಗಿಲ್ಲ.

ಕಾದಬಾಣಲೆ

ಮಫಿನ್ ಟ್ರೇ ಉಪಾಯ ನಿಜಕ್ಕೂ ಚೆನ್ನಾಗಿದೆ. ಅಂಚಿನಲ್ಲಿ ಕೆಂಪಗೆ ಹತ್ತಿದ ಚೀಸ್ ನನಗಂತೂ ಎಲ್ಲಕ್ಕಿಂತ ಇಷ್ಟ.

ನೂಲುಚೀಸ್

ಚೀಸ್ ಬಗ್ಗೆ ಯಾರೂ ಇನ್ನೂ ಸರಿಯಾಗಿ ಹೇಳಿಲ್ಲ, ನಾನು ಹೇಳ್ತೀನಿ. ನೂಲು ನೂಲಾಗಿ ಎಳೆಯಬೇಕು ಅಂದರೆ ಮೊಝರೆಲ್ಲಾ, ಆದರೆ ನೀರಲ್ಲಿ ಮುಳುಗಿಸಿಟ್ಟು ಮಾರುವ ಹಸಿ ಮೊಝರೆಲ್ಲಾ ಅಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಬಿಗಿಯಾಗಿರುವ, ನೀರು ಕಡಿಮೆ ಮಾಡಿದ ಮೊಝರೆಲ್ಲಾ ಗಡ್ಡೆ ತಗೊಳ್ಳಿ. ರುಚಿ ಬೇಕು ಅಂದರೆ ಚೆಡ್ಡಾರ್. ಚೆಡ್ಡಾರ್‌ನಲ್ಲೂ ಬಹಳ ತಿಂಗಳು ಹಣ್ಣು ಮಾಡಿದ್ದು ಬೇಡ. ಚೀಸ್ ಹಳೆಯದಾಗ್ತಾ ಅದರ ಪ್ರೋಟೀನ್ ಜಾಲ ಒಡೆಯುತ್ತಾ ಹೋಗುತ್ತೆ, ಬಿಸಿ ತಾಗಿದಾಗ ಕೊಬ್ಬನ್ನು ಹಿಡಿದಿಟ್ಟುಕೊಳ್ಳೋ ಶಕ್ತಿ ಇರಲ್ಲ. ಎಣ್ಣೆ ಒಂದು ಕಡೆ, ಗಸಿ ಒಂದು ಕಡೆ ಆಗುತ್ತೆ. ಎಳೆಯ ಚೆಡ್ಡಾರ್ ಒಂದು ಪಾಲು, ಮೊಝರೆಲ್ಲಾ ಒಂದು ಪಾಲು, ಇದು ನನ್ನ ಕಾಯಂ ಲೆಕ್ಕ.

ಪ್ರೊಸೆಸ್ಡ್ ಚೀಸ್ ಅಂದರೆ ಕೆಲವರು ಮೂಗು ಮುರೀತಾರೆ. ಈ ತಿಂಡಿಗೆ ಅದು ಕೆಟ್ಟ ಆಯ್ಕೆ ಅಲ್ಲವೇ ಅಲ್ಲ. ಅದರಲ್ಲಿ ಸೋಡಿಯಂ ಸಿಟ್ರೇಟ್‌ನಂಥ ಲವಣಗಳಿರುತ್ತೆ, ಅವು ಕೊಬ್ಬು, ನೀರು ಬೇರೆಯಾಗದ ಹಾಗೆ ಹಿಡಿದಿಡುತ್ತೆ, ಹಾಗಾಗಿ ಒಡೆಯದೆ ನುಣ್ಣಗೆ ಕರಗುತ್ತೆ. ನೂಲು ಮಾತ್ರ ಬರಲ್ಲ.

ತುರಿಯೋದಕ್ಕಿಂತ ತುಂಡು ಮೇಲು. ತುರಿದದ್ದು ಬೇಗ ಕರಗುತ್ತೆ, ಹಿಟ್ಟು ಬೆಂದು ಗೋಡೆ ಗಟ್ಟಿಯಾಗೋ ಮೊದಲೇ ಹರಿಯೋಕೆ ಶುರು ಮಾಡುತ್ತೆ. ಪ್ಯಾಕೆಟ್‌ನಲ್ಲಿ ತುರಿದೇ ಬರುವುದಕ್ಕೆ ಎಳೆ ಅಂಟಿಕೊಳ್ಳದಿರಲಿ ಅಂತ ಪಿಷ್ಟದ ಪುಡಿ ಹಾಕಿರ್ತಾರೆ, ಕರಗಿದಾಗ ಅಷ್ಟು ನುಣುಪು ಇರಲ್ಲ. ಒಂದೊಂದು ಉಂಡೆಗೆ 7-8 ಗ್ರಾಂ, ಅಂದರೆ ಪಕ್ಕಗಳು ಎರಡು ಸೆಂಟಿಮೀಟರ್‌ಗಿಂತ ತುಸು ಕಡಿಮೆ ಇರುವ ತುಂಡು. ಕತ್ತರಿಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು, ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಹೊರಗಿನ ಹಿಟ್ಟು ಬೆಂದು ನಿಲ್ಲೋ ತನಕ ಒಳಗಿನ ಚೀಸ್ ಕಾಯಬೇಕು, ಅಷ್ಟು ಸಮಯ ಗಳಿಸೋದೇ ಇದರ ಉದ್ದೇಶ. ಕಲ್ಲಾಗೋ ಮಟ್ಟಿಗೆ ಹೆಪ್ಪುಗಟ್ಟಿಸಿದರೆ ಹಿಟ್ಟು ಬೆಂದರೂ ನಡುವೆ ಚೀಸ್ ಕರಗದೆ ಉಳಿಯಬಹುದು.

ಹೊಸಓವನ್

ತುಂಬಿ ಮುಚ್ಚೋದನ್ನು ಹಂತ ಹಂತವಾಗಿ ಯಾರಾದರೂ ಹೇಳಬಹುದಾ? ನೆರಿಗೆ ಹಿಡಿಯೋದಾ, ಅರ್ಧಚಂದ್ರದ ಹಾಗೆ ಮಡಚೋದಾ?

ಹಿಟ್ಟಿನಕೈ

ನೆರಿಗೆ ಹಿಡಿಯಿರಿ. ಮಡಚಿದರೆ ಅಂಚು ಉದ್ದ ಆಗುತ್ತೆ, ಅಂಚು ಉದ್ದ ಆದಷ್ಟೂ ಬಿರಿಯೋ ಜಾಗ ಹೆಚ್ಚು.

ಹಿಟ್ಟು ಒಟ್ಟು 500 ಗ್ರಾಂ ಆಸುಪಾಸು ಬರುತ್ತೆ, ತೂಕ ಹಾಕಿ ಹದಿನಾರು ಪಾಲು ಮಾಡಿ, ಒಂದೊಂದು 31 ಗ್ರಾಂ. ನಾಲ್ಕು ಪಾಲು ಹೊರಗಿಟ್ಟುಕೊಂಡು ಉಳಿದದ್ದು ಫ್ರಿಜ್‌ನಲ್ಲೇ ಇರಲಿ. ಪಾಲನ್ನು ಗುಂಡಗೆ ಮಾಡಿ ಎಂಟು ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ. ಲಟ್ಟಣಿಗೆಯನ್ನು ಅಂಚಿನಿಂದ ಒಳಕ್ಕೆ ಆಡಿಸಿ, ನಡುಭಾಗ ಮುಟ್ಟಬೇಡಿ. ನಡು ದಪ್ಪ, ಅಂಚು ತೆಳು ಇರಬೇಕು, ಯಾಕೆಂದರೆ ನೆರಿಗೆಯೆಲ್ಲ ಒಂದೆಡೆ ಸೇರಿದಾಗ ಅಲ್ಲಿ ತಾನಾಗಿಯೇ ದಪ್ಪ ಆಗುತ್ತೆ. ಹಿಟ್ಟು ಹಿಂದಕ್ಕೆ ಜಗ್ಗಿದರೆ ಐದು ನಿಮಿಷ ಬಿಟ್ಟು ಮತ್ತೆ ಲಟ್ಟಿಸಿ, ಬಲವಂತ ಮಾಡಬೇಡಿ.

ಮೇಲಿನ ಒಣಹಿಟ್ಟನ್ನು ಬ್ರಷ್‌ನಿಂದ ಪೂರ್ತಿ ಕೊಡವಿ. ಇದನ್ನು ಮರೆಯೋದೇ ಹೆಚ್ಚು. ಒಣಹಿಟ್ಟು ಇದ್ದ ಜಾಗ ಅಂಟಲ್ಲ. ಎರಡು ಟೀ ಚಮಚದಷ್ಟು ತಣ್ಣನೆ ಖೀಮಾ ನಡುವೆ ಇಟ್ಟು, ಬೆರಳಿಂದ ಒತ್ತಿ ಗುಳಿ ಮಾಡಿ, ಗುಳಿಯಲ್ಲಿ ಚೀಸ್ ಕೂರಿಸಿ, ಮೇಲೆ ಚಿಟಿಕೆಯಷ್ಟು ಖೀಮಾ. ಚೀಸ್ ಹಿಟ್ಟಿಗೆ ಎಲ್ಲೂ ತಾಗಬಾರದು, ಸುತ್ತ ಖೀಮಾ ಇದ್ದರೆ ಕರಗಿದ ಚೀಸನ್ನು ಅದೇ ಹಿಡಿದುಕೊಳ್ಳುತ್ತೆ. ಅಂಚಿನ ಸುತ್ತ ಬೆರಳ ತುದಿಯಲ್ಲಿ ನೀರು ಸವರಿ, ತೊಟ್ಟಿಕ್ಕುವಷ್ಟಲ್ಲ. ಅಂಚನ್ನು ಸ್ವಲ್ಪ ಸ್ವಲ್ಪವೇ ಎತ್ತಿ ನೆರಿಗೆ ಕೂಡಿಸುತ್ತಾ ಬನ್ನಿ. ಒಂದು ಕೈಯ ಹೆಬ್ಬೆರಳು ಹೂರಣವನ್ನು ಒಳಕ್ಕೆ ಒತ್ತುತ್ತಿರಲಿ, ಇನ್ನೊಂದು ಕೈ ನೆರಿಗೆ ಹಿಡಿಯಲಿ. ಖೀಮಾ ತಾಗಿ ಬೆರಳು ಜಿಡ್ಡಾದರೆ ತಕ್ಷಣ ಒರೆಸಿಕೊಳ್ಳಿ.

ಕೊನೆಗೆ ಒಂದು ತೊಟ್ಟು ಉಳಿಯುತ್ತಲ್ಲ, ಅದನ್ನು ತಿರುಚಿ, ಉದ್ದ ಇದ್ದರೆ ಕಿತ್ತು ತೆಗೆದು, ಉಳಿದದ್ದನ್ನು ಚಪ್ಪಟೆ ಒತ್ತಿ. ಹಾಗೇ ಬಿಟ್ಟರೆ ಆ ಗಂಟು ಒಳಗೆ ಬೇಯದೆ ಹಿಟ್ಟು ಹಿಟ್ಟಾಗಿ ಸಿಗುತ್ತೆ. ನೆರಿಗೆ ಕೆಳಗೆ ಬರುವಂತೆ ಟ್ರೇನಲ್ಲಿಟ್ಟರೆ ಉಂಡೆಯ ಭಾರವೇ ಅದನ್ನು ಒತ್ತಿಹಿಡಿಯುತ್ತೆ. ನೆತ್ತಿಯ ಮೇಲೆ ಸೂಜಿಯಿಂದ ಒಂದೇ ಒಂದು ಸಣ್ಣ ತೂತು ಮಾಡಿ. ಆವಿಗೆ ನಾವೇ ದಾರಿ ಕೊಟ್ಟರೆ ಅದು ನೆರಿಗೆಯ ತಂಟೆಗೆ ಹೋಗಲ್ಲ.

ಸಂಜೆತಿಂಡಿ

ಒಂದೊಂದು ಉಂಡೆಗೆ ಇನ್ನೂ ಸ್ವಲ್ಪ ಜಾಸ್ತಿ ತುಂಬಬಹುದಾ? ಎರಡು ಚಮಚ ಕಡಿಮೆ ಅನ್ನಿಸ್ತಿದೆ.

ಹಿಟ್ಟಿನಕೈ

31 ಗ್ರಾಂ ಹಿಟ್ಟಿಗೆ ಖೀಮಾ, ಚೀಸ್ ಸೇರಿ 22 ಗ್ರಾಂ ಮೇಲೆ ಹೋಗಬೇಡಿ. ಹೂರಣ ಹೆಚ್ಚು ಬೇಕಾದರೆ ಉಂಡೆಯನ್ನೇ ದೊಡ್ಡದು ಮಾಡಿ, ಹನ್ನೆರಡು ಪಾಲು ಮಾಡಿ ಲಟ್ಟಿಸಿ.

ಮಜ್ಜಿಗೆಪ್ರಿಯೆ

ಬೇಯಿಸುವ ಬಗ್ಗೆ: ತುಂಬಿದ ಉಂಡೆಗಳನ್ನು ಟ್ರೇ ಸಮೇತ ಹದಿನೈದು ನಿಮಿಷ ಫ್ರಿಜ್‌ನಲ್ಲಿಡಿ. ಆಗಲೇ ಓವನ್ 200 ಡಿಗ್ರಿಗೆ ಕಾಯಲು ಬಿಡಿ, ಫ್ಯಾನ್ ಇರುವ ಓವನ್ ಆದರೆ 180 ಸಾಕು. ಪೂರ್ತಿ ಕಾಯದ ಓವನ್‌ಗೆ ಇಡುವುದು ಈ ತಿಂಡಿಗೆ ದೊಡ್ಡ ಶತ್ರು. ಬೆಣ್ಣೆ ಮೆಲ್ಲನೆ ಕರಗಿ ಹೊರಗೆ ಬರುತ್ತದೆ, ಹಿಟ್ಟು ಉಬ್ಬುವ ಬದಲು ಹರಡಿಕೊಳ್ಳುತ್ತದೆ. ಬೆಣ್ಣೆಯಲ್ಲಿ ಸುಮಾರು ಶೇಕಡಾ 16 ನೀರಿದೆ. ಜೋರು ಶಾಖಕ್ಕೆ ಆ ನೀರು ಥಟ್ಟನೆ ಆವಿಯಾದರೆ ಮಾತ್ರ ಹಿಟ್ಟು ಹಗುರಾಗಿ ಮೇಲೇಳುತ್ತದೆ.

ಮೇಲೆ ಹಾಲು ಸವರಿದರೆ ಮಂದ ಹೊಂಬಣ್ಣ, ಮೊಟ್ಟೆ ಸವರಿದರೆ ಹೊಳಪು. 14ರಿಂದ 17 ನಿಮಿಷ. ಬೆಳ್ಳುಳ್ಳಿ ಬೆಣ್ಣೆ ಸವರುವುದಾದರೆ ಹೊರಗೆ ತೆಗೆದ ಮೇಲೆ. ಮುಂಚೆಯೇ ಸವರಿದರೆ ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ. ತೆಗೆದ ಕೂಡಲೇ ಜಾಲರಿಯ ಮೇಲಿಡಿ, ಬಿಸಿ ಟ್ರೇನಲ್ಲೇ ಬಿಟ್ಟರೆ ತಳದಲ್ಲಿ ಆವಿ ಸಿಕ್ಕಿಕೊಂಡು ಒದ್ದೆಯಾಗುತ್ತದೆ. ಐದು ನಿಮಿಷ ತಡೆದು ತಿನ್ನಿ. ಒಳಗಿನ ಚೀಸ್ ನಾಲಿಗೆ ಸುಡುವಷ್ಟು ಬಿಸಿಯಿರುತ್ತದೆ, ಮಕ್ಕಳಿಗೆ ಕೊಡುವಾಗ ಒಂದನ್ನು ಮುರಿದು ನೋಡಿ ಕೊಡಿ.

ಸಣ್ಣಅಡುಗೆಮನೆ

ಮಜ್ಜಿಗೆಪ್ರಿಯೆ ಅಕ್ಕ, ನನ್ನ ಹತ್ತಿರ ಓವನ್ ಇಲ್ಲ, ಏರ್ ಫ್ರೈಯರ್ ಇದೆ. ಆಗುತ್ತಾ?

ಮಜ್ಜಿಗೆಪ್ರಿಯೆ

ಧಾರಾಳವಾಗಿ ಆಗುತ್ತದೆ. 170 ಡಿಗ್ರಿಯಲ್ಲಿ ಒಂಬತ್ತರಿಂದ ಹನ್ನೊಂದು ನಿಮಿಷ. ಅದರ ಬಿಸಿಗಾಳಿ ಮೇಲಿನಿಂದ ಜೋರಾಗಿ ಬೀಸುವುದರಿಂದ ನೆತ್ತಿ ಬೇಗ ಕೆಂಪಾಗುತ್ತದೆ, ತಳ ಹಿಂದುಳಿಯುತ್ತದೆ. ಏಳನೇ ನಿಮಿಷಕ್ಕೆ, ಹಿಟ್ಟು ಗಟ್ಟಿಯಾದ ಮೇಲೆ, ಮಗುಚಿ ಹಾಕಿ. ಅದಕ್ಕೂ ಮೊದಲು ಮಗುಚಿದರೆ ನೆರಿಗೆ ಬಿಚ್ಚಿಕೊಳ್ಳುತ್ತದೆ. ಒಂದಕ್ಕೊಂದು ತಾಗದಂತೆ ಐದಾರು ಮಾತ್ರ ಇಡಿ. ಬೇಕಿಂಗ್ ಪೇಪರ್ ಹಾಸುವುದಾದರೆ ಉಂಡೆಗಳ ಸಮೇತವೇ ಹಾಸಿ, ಬರೀ ಪೇಪರ್ ಇಟ್ಟು ಕಾಯಿಸಿದರೆ ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ತಾಗಿ ಹೊತ್ತಿಕೊಳ್ಳಬಹುದು.

ಕಾದಬಾಣಲೆ

ತಳ ಒದ್ದೆಯಾಗೋ ವಿಷಯಕ್ಕೆ ಒಂದು ಸೇರಿಸ್ತೀನಿ. ಓವನ್‌ನಲ್ಲಿ ಒಂದು ಖಾಲಿ ದಪ್ಪ ಟ್ರೇ ಇಟ್ಟು ಅದನ್ನೂ ಕಾಯಿಸಿ, ಉಂಡೆಗಳಿರೋ ಪೇಪರನ್ನು ಆ ಬಿಸಿ ಟ್ರೇ ಮೇಲೆ ಜಾರಿಸಿ. ಇಟ್ಟ ಕ್ಷಣದಿಂದ ತಳ ಬೇಯೋಕೆ ಶುರುವಾಗಿ ನೆರಿಗೆ ಮೊದಲೇ ಬಿಗಿಯುತ್ತೆ. ನನಗೆ ಇದರಿಂದ ಆದಷ್ಟು ವ್ಯತ್ಯಾಸ ಬೇರೆ ಯಾವ ಉಪಾಯದಿಂದಲೂ ಆಗಿಲ್ಲ.

ರುಚಿ ಬದಲಿಸಬೇಕು ಅನ್ನೋರಿಗೆ: ಖೀಮಾಕ್ಕೆ ಒಂದು ಟೀ ಚಮಚ ಸಾಸಿವೆ ಪೇಸ್ಟ್, ಉಪ್ಪಿನಲ್ಲಿ ಹಾಕಿಟ್ಟ ಸೌತೆಕಾಯಿಯನ್ನು ಸಣ್ಣಗೆ ಹೆಚ್ಚಿ ಬಟ್ಟೆಯಲ್ಲಿ ಹಿಂಡಿ ಸೇರಿಸಿದರೆ ಚೀಸ್ ಬರ್ಗರಿನ ರುಚಿ. ಹಿಂಡೋದನ್ನು ಮಾತ್ರ ಬಿಡಬೇಡಿ. ಅಣಬೆ ಹಾಕೋರು ಬೇರೆಯಾಗಿ ಹುರಿದು ನೀರು ಪೂರ್ತಿ ಹೋಗಿಸಿ ಹಾಕಿ. ಸಾಸ್ ಒಳಗೆ ತುಂಬೋ ಬದಲು ಪಕ್ಕದಲ್ಲಿ ಬಟ್ಟಲಲ್ಲಿ ಕೊಟ್ಟರೆ ಒಳ್ಳೆಯದು.

ಹೊಸಓವನ್

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಹೃದಯ ತುಂಬಿ ಧನ್ಯವಾದ. ಕೊನೆಯ ಪ್ರಶ್ನೆ. ಮನೆಗೆ ಜನ ಬರುವ ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದಾ? ಉಳಿದರೆ ಎಷ್ಟು ದಿನ ಇಡಬಹುದು?

ಹಿಟ್ಟಿನಕೈ

ಹಿಂದಿನ ದಿನ ಖೀಮಾ ಹುರಿದು ಫ್ರಿಜ್‌ನಲ್ಲಿಡೋದು ಅತ್ಯುತ್ತಮ, ತಣ್ಣಗೂ ಆಗುತ್ತೆ, ರುಚಿಯೂ ಕೂಡಿಕೊಳ್ಳುತ್ತೆ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಉರಿ ಆರಿಸಿದ ಎರಡು ಗಂಟೆಯೊಳಗೆ ಒಳಗಿಡಿ. ತುಂಬಿದ ಹಸಿ ಉಂಡೆಗಳನ್ನು ಮಾತ್ರ ಇಡೀ ರಾತ್ರಿ ಫ್ರಿಜ್‌ನಲ್ಲಿಡಬೇಡಿ, ಹಿಟ್ಟು ಹೂರಣದ ಪಸೆ ಹೀರಿ ತಳ ಮೆತ್ತಗಾಗುತ್ತೆ. ಬೇಕಾದರೆ ಫ್ರೀಜರ್‌ಗೆ ಹಾಕಿ. ಟ್ರೇ ಮೇಲೆ ಬಿಡಿಬಿಡಿಯಾಗಿ ಇಟ್ಟು, ಕಲ್ಲಿನಂತಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ತೆಗೆದು ಕಟ್ಟಿ. ಬೇಯಿಸುವಾಗ ಕರಗಿಸೋದು ಬೇಡ, ನೇರ 190 ಡಿಗ್ರಿಗೆ, ಐದಾರು ನಿಮಿಷ ಹೆಚ್ಚು ಕೊಡಿ. ಥರ್ಮಾಮೀಟರ್ ಇದ್ದರೆ ನಡುವೆ ಚುಚ್ಚಿ ನೋಡಿ, 74 ಡಿಗ್ರಿ ಬಂದಿರಬೇಕು.

ಬೆಂದದ್ದು ಉಳಿದರೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಿ. ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಕೂತದ್ದನ್ನು ಎತ್ತಿಡಬೇಡಿ.

ಸಣ್ಣಅಡುಗೆಮನೆ

ಮತ್ತೆ ಬಿಸಿ ಮಾಡೋಕೆ ಮೈಕ್ರೋವೇವ್ ನಡೆಯುತ್ತಾ?

ಮಜ್ಜಿಗೆಪ್ರಿಯೆ

ಬೇಡ. ಹಿಟ್ಟು ರಬ್ಬರಿನಂತಾಗುತ್ತದೆ, ಚೀಸ್ ಮಾತ್ರ ಕುದಿಯುತ್ತದೆ. ನಿಮ್ಮ ಏರ್ ಫ್ರೈಯರ್‌ನಲ್ಲೇ 160 ಡಿಗ್ರಿಗೆ ಐದಾರು ನಿಮಿಷ ಇಡಿ, ಓವನ್ ಇರುವವರಿಗೆ ಅದೇ ಶಾಖದಲ್ಲಿ ಹತ್ತು ನಿಮಿಷ. ನೆತ್ತಿ ಆಗಲೇ ಕೆಂಪಾಗಿದ್ದರೆ ಮೇಲೊಂದು ಫಾಯಿಲ್ ಚೂರು ಮುಚ್ಚಿ, ಗಾಳಿಗೆ ಹಾರದಂತೆ ಉಂಡೆಗೆ ಬಿಗಿಯಾಗಿ ಒತ್ತಿ. ಬೆಳ್ಳುಳ್ಳಿ ಬೆಣ್ಣೆ ಉಳಿದಿದ್ದರೆ ಈಗಲೂ ತೆಗೆದ ಮೇಲೆಯೇ ಸವರಿ.